ಮಗನಿಗೆ ಇಪ್ಪತ್ತೊಂದಾದರೆ ಆಸ್ಪತ್ರೆಯ ಬಾಗಿಲು ಮುಚ್ಚಬೇಕೆ?
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಮಿಕರ ರಾಜ್ಯ ವಿಮಾ ಕಾಯಿದೆ 1948ರಲ್ಲಿ ಆಯಿತು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಯೋಜನೆ ಜಾರಿಗೆ ಬಂತು. ಇಂದು ನಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು ರೂಪಾಯಿ ಈ ನಿಧಿಗೆ ಸಲ್ಲುತ್ತಿದೆ. ಆದ್ದರಿಂದ ಅಲ್ಲಿ ದೊರಕುವ ಔಷಧ ಯಾರೂ ಕೊಟ್ಟ ಧರ್ಮವಲ್ಲ.

ಆದರೆ ಈ ಕಾನೂನಿನ ಕಣ್ಣಿಗೆ ನಮ್ಮ ಮಗ ಎಷ್ಟು ದಿನ ನಮ್ಮ ಕುಟುಂಬದವನು? 18ರವರೆಗೆ, ಓದುತ್ತಿದ್ದರೆ 21ರವರೆಗೆ. ನಮ್ಮನ್ನೇ ಆಶ್ರಯಿಸಿದ ಅವಿವಾಹಿತ ಮಗಳಿಗೆ ಈ ಗಡುವಿಲ್ಲ, ಅದು ಸರಿಯಾದದ್ದೇ. 18ಕ್ಕೆ ಇಂಜಿನಿಯರಿಂಗ್ ಸೇರಿದ ಹುಡುಗ ಕಡೆಯ ವರ್ಷಕ್ಕೆ ಬರುವಾಗ ಅವನ ಹೆಸರು ಚೀಟಿಯಿಂದ ಹೋಗಿರುತ್ತದೆ. ಐ.ಟಿ.ಐ. ಮುಗಿಸಿ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆ ಸೇರಿದವನ ಪಾಡು ಇನ್ನೂ ವಿಚಿತ್ರ. ಅವನನ್ನು ವಿಮೆಯ ಮಟ್ಟಿಗೆ ನೌಕರನೆಂದು ಎಣಿಸುವುದಿಲ್ಲ. ಯಂತ್ರಕ್ಕೆ ಕೈ ಸಿಕ್ಕರೆ ಮಾಲೀಕ ಪರಿಹಾರ ಕೊಡಬೇಕು, ನಿಜ. ಟೈಫಾಯಿಡ್ ಬಂದರೆ ಯಾರು ಕೊಡುತ್ತಾರೆ?

ಇದೇ ಕಾನೂನು ಇನ್ನೊಂದು ಕಡೆ ಬೇರೆ ಲೆಕ್ಕ ಹಾಕುತ್ತದೆ. ಕೆಲಸದಲ್ಲಿ ಪೆಟ್ಟಾಗಿ ಕಾರ್ಮಿಕ ಸತ್ತರೆ, ಮಗನಿಗೆ 25 ತುಂಬುವವರೆಗೆ ಅವಲಂಬಿತರ ಭತ್ಯೆ ಉಂಟು. 2010ರ ತಿದ್ದುಪಡಿ ಹೀಗೆ ಮಾಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಉಳಿಸಿಕೊಂಡಿತು. ಅಂದರೆ ತಂದೆ ಸತ್ತರೆ 25ರವರೆಗೆ ಮಗ. ಬದುಕಿದ್ದು ವಂತಿಗೆ ಕಟ್ಟುತ್ತಿದ್ದರೆ ಓದುವ ಮಗನೂ 21ಕ್ಕೇ ಹೊರಗಿನವನು!

ಹಣವೆಲ್ಲಿ ಎಂದು ಕೇಳುವವರಿದ್ದಾರೆ. 2019ರ ಜುಲೈನಲ್ಲಿ ಒಟ್ಟು ವಂತಿಗೆಯನ್ನು ನೂರಕ್ಕೆ ಆರೂವರೆಯಿಂದ ನಾಲ್ಕಕ್ಕೆ ಇಳಿಸಿದರು. ಇಳಿಸಿದ ಎರಡೂವರೆಯಲ್ಲಿ ಒಂದೂವರೆ ಮಾಲೀಕರ ಪಾಲಿಗೆ ಹೋಯಿತು. ಇಳಿಸುವುದಕ್ಕೆ ಎಡೆಯಿದ್ದ ನಿಧಿಯಲ್ಲಿ ಹರೆಯದ ಹುಡುಗರಿಗೆ ಎಡೆಯಿಲ್ಲವೇ? ವಿಮೆಯನ್ನು ವ್ಯಾಪಾರವಾಗಿ ನಡೆಸುವ ಅಮೆರಿಕದಲ್ಲೇ 2010ರ ಕಾಯಿದೆ, ಓದಲಿ ಬಿಡಲಿ, ಮದುವೆಯಾಗಲಿ ಬಿಡಲಿ, ಮಕ್ಕಳು 26 ತುಂಬುವವರೆಗೆ ತಂದೆತಾಯಿಗಳ ಪಾಲಿಸಿಯಲ್ಲಿರಬಹುದೆಂದಿತು. ನಮ್ಮಲ್ಲೇ 2018ರ ಆಯುಷ್ಮಾನ್ ಭಾರತಕ್ಕೆ ವಯಸ್ಸಿನ ಮಿತಿಯಿಲ್ಲ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ದಿನನಿತ್ಯದ ಜ್ವರ ಕೆಮ್ಮಿಗೆ ಅಲ್ಲ.

ವರ್ತಕ ಮಿತ್ರರು ಇದು ತಮಗೆ ಸೇರಿದ್ದಲ್ಲವೆಂದು ತಿಳಿಯಬಾರದು. ಗಲ್ಲಾದ ಮುಂದೆ ಒಬ್ಬರೇ ಕೂಡುವ ನಿಮಗೆ ಈ ವಿಮೆಯೇ ಇಲ್ಲ. ಖಾಸಗಿ ಕಂಪೆನಿಯ ಕುಟುಂಬ ಪಾಲಿಸಿ ಕೊಂಡಿದ್ದರೆ ಮಕ್ಕಳ ವಯಸ್ಸಿನ ಕಲಮನ್ನು ಇಂದೇ ಓದಿರಿ.

ಸಂಹಿತೆಯ ‘ಕುಟುಂಬ’ ಎಂಬ ಅರ್ಥವಿವರಣೆಯಲ್ಲಿ, ಸಂಪಾದನೆಯಿಲ್ಲದ ಮಕ್ಕಳೆಲ್ಲರಿಗೂ, ಅಪ್ರೆಂಟಿಸರಿಗೂ 25 ಎಂದಾಗಬೇಕು. ಇದನ್ನು ಬದಲಿಸತಕ್ಕದ್ದು ಲೋಕಸಭೆ, ರಾಜ್ಯಸಭೆ. ಪ್ರತಿ ಪಾಳಿಯವರೂ ಮನೆಯಲ್ಲಿರುವ 18ರಿಂದ 25ರ ಮಕ್ಕಳ ಹೆಸರು, ವಯಸ್ಸು, ಓದು ಬರೆದು ಯೂನಿಯನ್ ಕಚೇರಿಗೆ ತಲುಪಿಸಿರಿ. ಮನವಿಯೊಡನೆ ಆ ಪಟ್ಟಿಯನ್ನೂ ನಮ್ಮ ಲೋಕಸಭಾ ಸದಸ್ಯರ ಕೈಗೆ ಕೊಡುತ್ತೇವೆ.