ತಂತ್ರಾಂಶದ ದೋಷ: ವಿಡಿಯೋ ಸಾಕೇ?



ದಾಖಲಾತಿ ತಂತ್ರಾಂಶದಲ್ಲಿ ‘ರಾಜ್‌ಕುಮಾರ್’ ಎಂದು ತುಂಬಿದ ಹೆಸರು ಉಳಿಸಿದೊಡನೆ ‘ರಾಜ್ಕುಮಾರ್’ ಆಯಿತೆನ್ನಿ. ಪರದೆಯ ವಿಡಿಯೋ ಕಳುಹಿಸಿದರೆ ಮುಗಿಯಿತೇ? ಗಡಿಯಾಚೆಯ ನಮ್ಮ ಶಾಲೆಗಳ ದೂರನ್ನು ನೋಡುವ ತಂತ್ರಜ್ಞರಿಗೆ ಮಲಯಾಳವೋ ಮರಾಠಿಯೋ ಬಂದೀತು, ಕನ್ನಡ ಬಾರದು. ಅವರ ಕಣ್ಣಿಗೆ ಎರಡೂ ಸರಿಯೇ! ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಹೆಸರು. ನಾಳೆ ಮಗುವಿನ ದಾಖಲೆಗಳು ತಾಳೆಯಾಗದೆ ಹೋಗಬಹುದು.

ಕಳೆದುಹೋದದ್ದು ‘ಜ್‌’ ಆದಮೇಲೆ ಬರುವ, ಕಣ್ಣಿಗೆ ಕಾಣದ ಸಂಕೇತ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕಾಣದ್ದನ್ನು ಯಾವ ವಿಡಿಯೋ ತೋರಿಸೀತು? ಯಾವ ಕೀಲಿಮಣೆ, ಯಾವ ಆವೃತ್ತಿ, ಕೊಟ್ಟದ್ದೇನು, ಬಂದದ್ದೇನು ಎಂದು ಬರೆಯಿರಿ. ಎರಡು ರೂಪಗಳನ್ನೂ ಪಠ್ಯವಾಗಿಯೇ ಅಂಟಿಸಿರಿ.

ಒತ್ತಕ್ಷರ ಒಡೆದು ಕಂಡರೆ ಮಾತ್ರ ಚಿತ್ರ ಬೇಕೇ ಬೇಕು. ನಮ್ಮಲ್ಲಿ ಒಡೆದದ್ದು ಅವರ ಯಂತ್ರದಲ್ಲಿ ನೆಟ್ಟಗೇ ಕಂಡೀತು. ಆ ಚಿತ್ರದಲ್ಲಿ ಬೇರೆ ಮಕ್ಕಳ ವಿವರ ಇಣುಕದಿರಲಿ.