ಮರಳಿನಂಚಿನ ಹಕ್ಕಿಗಳ ನಾಡು

ಆಫ್ರಿಕಾದ ಸಫಾರಿ ಎಂದೊಡನೆ ನಿಮ್ಮ ಕಣ್ಣೆದುರು ಸಿಂಹ, ಆನೆ, ಜಿರಾಫೆಗಳು ನಿಲ್ಲುತ್ತವೆ. ಇಂದು ಭೂಪಟದಲ್ಲಿ ಆ ಖಂಡದ ಪಶ್ಚಿಮ ತುದಿಯ ಮೇಲೆ ಬೆರಳಿಡಿ. ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ಆ ದೇಶವೇ ಸೆನೆಗಲ್. ರಾಜಧಾನಿ ಡಾಕಾರ್‌ನಿಂದ ಉತ್ತರಕ್ಕೆ ಹೊರಟರೆ, ಮರಳ ದಿಬ್ಬಗಳಿಗೂ ಒಂಟೆ ಸವಾರಿಗೂ ಹೆಸರಾದ ಲೋಂಪೂಲ್ ಸಿಗುತ್ತದೆ. ಮುಂದೆ ಸೇಂ ಲೂಯಿ ಪಟ್ಟಣ. ಅಲ್ಲಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಸೆನೆಗಲ್ ನದಿಯ ಮುಖಜಭೂಮಿಯಲ್ಲಿ, 16,000 ಹೆಕ್ಟೇರುಗಳ ಜೂಜ್ ಪಕ್ಷಿಧಾಮವಿದೆ.

ಯೂರೋಪಿನ ಚಳಿಗೆ ಹೆದರಿ ದಕ್ಷಿಣಕ್ಕೆ ಹಾರುವ ಹಕ್ಕಿಗಳು ಸಹರಾ ಮರುಭೂಮಿಯನ್ನು ದಾಟಬೇಕು. ದಾಟಿ ಬಂದವುಗಳಿಗೆ ಎದುರಾಗುವ ಮೊದಲ ಸಿಹಿನೀರಿನ ತಾಣಗಳಲ್ಲಿ ಜೂಜ್ ಒಂದು. ಬಾತುಗಳು, ರಾಜಹಂಸಗಳು ಲಕ್ಷಗಟ್ಟಲೆ ನೆರೆಯುತ್ತವೆ. ದೋಣಿಯಲ್ಲಿ ಸಾಗಿದರೆ ಸಾವಿರಾರು ಬಿಳಿ ಹೆಜ್ಜಾರ್ಲೆಗಳು ಗೂಡುಕಟ್ಟುವ ದಿಣ್ಣೆಯನ್ನು ಕಾಣಬಹುದು. 1981ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನೀರಿದ್ದರಷ್ಟೇ ಸಾಲದು. ಹಿಂದೆ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ನದಿಯೊಳಗೆ ನುಗ್ಗುತ್ತಿತ್ತು. ಅದನ್ನು ತಡೆಯಲು 1986ರಲ್ಲಿ ಡಿಯಾಮಾ ಅಣೆಕಟ್ಟು ಸಿದ್ಧವಾಯಿತು. ಬೇಸಾಯಕ್ಕೆ ಅನುಕೂಲವೇನೋ ಆಯಿತು. ಜೊತೆಗೆ, ಉಪ್ಪಿಗೆ ಅಂಜುತ್ತಿದ್ದ ಕಳೆಗಳಿಗೂ ವರ್ಷವಿಡೀ ಸಿಹಿನೀರು ದೊರೆಯಿತು. 1999ರಲ್ಲಿ ಬ್ರೆಜಿಲ್ ಮೂಲದ ಸಾಲ್ವಿನಿಯಾ ಎಂಬ ತೇಲುವ ಕಳೆ ಅಲ್ಲಿ ಕಾಣಿಸಿಕೊಂಡಿತು. ಇದು ದಪ್ಪ ಚಾಪೆಯಂತೆ ನೀರನ್ನು ಮುಚ್ಚಿ, ಕೆಳಗಿರುವ ಜೀವಿಗಳಿಗೆ ಬೆಳಕನ್ನೂ ಆಮ್ಲಜನಕವನ್ನೂ ತಪ್ಪಿಸುತ್ತದೆ. ಮೀನಿಲ್ಲದ ಕೊಳದಲ್ಲಿ ಹೆಜ್ಜಾರ್ಲೆಗೇನು ಕೆಲಸ? 2000ದಲ್ಲಿ ಜೂಜ್ 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಸೇರಿತು.

ಆಗ ನೆರವಿಗೆ ಬಂದದ್ದು ಸುಮಾರು 2 ಮಿಲಿಮೀಟರ್ ಉದ್ದದ ಒಂದು ಮೂತಿಹುಳು. ನಮ್ಮ ಅಕ್ಕಿಹುಳುವಿನ ದೂರದ ನೆಂಟ. ಅದು ಸಾಲ್ವಿನಿಯಾದ ಚಿಗುರನ್ನು ತಿನ್ನುತ್ತದೆ, ಮರಿಹುಳು ಕಾಂಡವನ್ನು ಕೊರೆಯುತ್ತದೆ. ದಕ್ಷಿಣ ಆಫ್ರಿಕಾದಿಂದ ಹುಳುಗಳನ್ನು ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳೆ ಹತೋಟಿಗೆ ಬಂತು. 2006ರಲ್ಲಿ ಜೂಜ್ ಅಪಾಯದ ಪಟ್ಟಿಯಿಂದ ಹೊರಬಂದಿತು. ಹಾಗೆಂದು ಕಥೆ ಮುಗಿಯಲಿಲ್ಲ. ಜೊಂಡಿನ ಕಾಟ ಬೇರೆಯೇ ಇದೆ.

ಇನ್ನೊಂದು ಸಂಗತಿ ಕೇಳಿ. ಇದೇ ಹುಳುವನ್ನು 1980ರ ದಶಕದಲ್ಲೇ ನಮ್ಮ ಬೆಂಗಳೂರಿನ ಒಂದು ತಾವರೆಕೊಳದಲ್ಲಿ ವಿಜ್ಞಾನಿಗಳು ಬಿಟ್ಟು ಯಶಸ್ಸು ಕಂಡಿದ್ದರು. ನೆರೆಯ ಕೇರಳದಲ್ಲಿ ಈ ಕಳೆಗೆ 'ಆಫ್ರಿಕನ್ ಪಾಯಲ್' ಎಂದು ಹೆಸರು. ಪಾಪ, ಆಫ್ರಿಕಾವೇ ಅದರ ಕಾಟ ಅನುಭವಿಸಿದ ನಾಡು!

ಕ್ಯಾಮೆರಾ ಹಿಡಿಯುವ ನಮಗೆ ರೆಕ್ಕೆ ಬಿಚ್ಚಿದ ಹೆಜ್ಜಾರ್ಲೆ ಸುಲಭವಾಗಿ ಸಿಗುತ್ತದೆ. ಎಲೆಯಡಿ ಅಡಗಿದ ಹುಳು ಸಿಗುವುದಿಲ್ಲ. ಪರದೆಯ ಮೇಲೆ ಹಕ್ಕಿಯ ಹಿಂಡನ್ನು ಕಂಡಾಗಲೆಲ್ಲ ನೀವೇ ಕೇಳಿಕೊಳ್ಳಿ: ಇವುಗಳ ನೀರು ಎಲ್ಲಿಂದ ಬಂತು? ಅದನ್ನು ಕಾಯುತ್ತಿರುವವರು ಯಾರು? ನಿಮ್ಮೂರಿನ ಕೆರೆಯ ದಂಡೆಯಲ್ಲಿ ನಿಂತು ಕೇಳಿದರೂ ಪ್ರಶ್ನೆ ಅದೇ.