ಸ್ವಂತ ವಾಕ್ಯದಲ್ಲಿ ಹಬ್ಬ

(ಶಿವಮೊಗ್ಗದ ಒಂದು ವಿದ್ಯಾರ್ಥಿನಿಲಯದಲ್ಲಿ ಭದ್ರಾವತಿಯ ಕಾರ್ಯಕರ್ತರೊಬ್ಬರು ಆಡಿದ ಮಾತುಗಳು)



ನಾನು ದೊಡ್ಡ ಭಾಷಣಕಾರನಲ್ಲ. ಬಸ್ಸಿನಲ್ಲಿ ಬರುವಾಗ ಮಾತಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರಕೊಂಡಿದ್ದೆ. ಅದು ಜೇಬಿನಲ್ಲೇ ಉಳೀತು. ಯಾಕಂದರೆ ಒಳಗೆ ಬರ್ತಿದ್ದ ಹಾಗೇ ನಿಮ್ಮಲ್ಲೊಬ್ಬ ಹುಡುಗ ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ: "ಅಣ್ಣಾ, ಊರಲ್ಲಿ ಮಾರಿಹಬ್ಬ. ಅಪ್ಪನಿಗೆ ಹುಷಾರಿಲ್ಲ. ಅವನ ಬದಲು ನಾನು ಬಂದು ತಮಟೆ ಹಿಡೀಬೇಕಂತೆ, ಗೌಡರು ಹೇಳಿ ಕಳಿಸಿದಾರೆ. ಹಬ್ಬಕ್ಕೆ ಹೋಗ್ಲಾ, ಬೇಡವಾ?"

ಅವನ ಹೆಸರು ಹೇಳೋದಿಲ್ಲ. ಈ ಪ್ರಶ್ನೆ ಇಲ್ಲಿ ಕೂತಿರೋ ಇನ್ನೂ ನಾಲ್ಕು ಜನದ್ದು ಇರಬಹುದು. ಅದರಲ್ಲಿ 'ಹಬ್ಬ' ಅನ್ನೋ ಪದ ಐತಲ್ಲ, ಮೊದಲು ಅದನ್ನ ಹಿಡಿದು ನೋಡೋಣ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕನ್ನಡ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ. ಒಂದು ಪದ 'ಸಂಭ್ರಮ'. ಗೈಡಿನಲ್ಲಿ ವಾಕ್ಯ ತಯಾರಾಗಿತ್ತು: ಜನರು ದೀಪಾವಳಿಯನ್ನು ಸಂಭ್ರಮದಿಂದ ಆಚರಿಸುತ್ತಾರೆ. ಇಡೀ ಕ್ಲಾಸು ಅದನ್ನೇ ಬರೀತು. ನನ್ನ ಹತ್ರ ಗೈಡು ಇರಲಿಲ್ಲ. ಅದೇ ವಾರ ಊರ ಹಬ್ಬ ಮುಗಿದಿತ್ತು, ಮೂರು ದಿನ ತಮಟೆ ಬಡಿದು ಬಂದ ನಮ್ಮಪ್ಪ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ. ನಾನು ಬರೆದೆ: ಊರಿಗೆ ಸಂಭ್ರಮ ಬಂದರೆ ನಮ್ಮಪ್ಪನ ಕೈ ಬಾತುಕೊಳ್ಳುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ 'ಅರ್ಥ ತಪ್ಪು' ಅಂತ ಬರೆದರು.

ಎಷ್ಟೋ ವರ್ಷದ ಮೇಲೆ ನಿಘಂಟು ತೆಗೆದು ನೋಡಿದೆ. ಸಂಭ್ರಮ ಅನ್ನೋದಕ್ಕೆ ಸಂಸ್ಕೃತದಲ್ಲಿ ಗಾಬರಿ, ಅವಸರ, ಗಲಿಬಿಲಿ ಅನ್ನೋ ಅರ್ಥಗಳೂ ಇವೆ! ನನ್ನ ಅರ್ಧ ಮಾರ್ಕು ಈಗ ಯಾರನ್ನ ಕೇಳಲಿ? ಹಬ್ಬ ಅನ್ನೋದು 'ಪರ್ವ'ದಿಂದ ಬಂದದ್ದು. ಪರ್ವ, ಪಬ್ಬ, ಹಬ್ಬ. ಹಳಗನ್ನಡದ ಪಕಾರ ಹಕಾರ ಆಯ್ತು, ಪಾಲು ಹಾಲಾದ ಹಾಗೆ. ಪರ್ವ ಅಂದರೆ ಗಂಟು, ಕಬ್ಬಿನ ಗೆಣ್ಣು ಅಂತಾನೂ ಅರ್ಥ. ಜಾತ್ರೆ ಅನ್ನೋದು ಯಾತ್ರೆಯಿಂದ ಬಂತು. ಇಷ್ಟು ವ್ಯಾಕರಣ ಸಾಕು.

ಈಗ ಬೀದಿಗೆ ಬನ್ನಿ. ದಿನಾ ಆಡೋ ಮಾತಿನಲ್ಲಿ ಈ ಪದ ಹೆಂಗೆ ಬರುತ್ತೆ? ಹೊಸ ಅಂಗಿ ಹಾಕಿದರೆ "ಏನೋ, ನಿಮ್ಮನೇಲಿ ಹಬ್ಬನಾ?" ಅಂತಾರೆ. ಒಳ್ಳೆ ಊಟ ಸಿಕ್ಕಿದರೆ "ಇವತ್ತು ಹೊಟ್ಟೆಗೆ ಹಬ್ಬ". ನಾಲ್ಕು ಜನ ಗುಂಪುಗೂಡಿದರೆ "ಏನಿದು ಜಾತ್ರೆ?" ಇವೆಲ್ಲ ಸರಿ. ಆದರೆ ಹೊಡೀತೀನಿ ಅನ್ನೋದಕ್ಕೆ ಏನಂತಾರೆ? "ತಡಿ, ಐತೆ ನಿಂಗೆ ಮಾರಿಹಬ್ಬ!" ನಾವೂ ಅಂತೀವಿ. ಹಾಸ್ಟೆಲಿನಲ್ಲಿ ದಿನಕ್ಕೆ ಹತ್ತು ಸಲ ಅಂತೀರಿ. ಯಾಕೆ ಮಾರಿಹಬ್ಬವೇ? ಬೆದರಿಕೆಗೆ ಯುಗಾದಿ ಯಾಕೆ ಬರಲ್ಲ, ಗೌರಿಹಬ್ಬ ಯಾಕೆ ಬರಲ್ಲ?

ಮಾರಿ ಕತೆ ನಿಮಗೆ ಗೊತ್ತು. ಕೇರಿಯ ಹುಡುಗ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನ ಮದುವೆಯಾದನಂತೆ. ಅವಳಿಗೆ ಗೊತ್ತಾಗಿ ಉಗ್ರರೂಪ ತಾಳಿ ಮಾರಿಯಾದಳಂತೆ, ಅವನು ಕೋಣನಾದನಂತೆ. ಹಬ್ಬದಲ್ಲಿ ಕಡಿಯೋದು ಆ ಕೋಣನನ್ನ. ತಮಟೆ ಬಡಿಯೋರು, ಹಾಡೋ ಅಸಾದಿ, ಸತ್ತ ಕೋಣ ಎಳೆಯೋರು ಎಲ್ಲ ಆ ಗಂಡಿನ ಕಡೆಯವರೇ. ನಮ್ಮವನನ್ನ ಕಡಿಯೋದಕ್ಕೆ ನಮ್ಮ ಕೈಲೇ ವಾದ್ಯ! "ನಿನಗೆ ಮಾರಿಹಬ್ಬ" ಅಂದಾಗ ನಿನ್ನನ್ನ ಕೂರಿಸ್ತಿರೋ ಜಾಗ ಯಾವುದು ಅಂತ ತಿಳೀತಲ್ಲ. ಇದೇ ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ ಆಗುತ್ತೆ, ಗಾಂಧಿಬಜಾರಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹೋಗಿ ನೋಡಿ, ಬೇಡ ಅನ್ನಲ್ಲ. ಯಾವ ಕೆಲಸ ಯಾವ ಜಾತಿಗೆ ಅನ್ನೋದನ್ನೂ ನೋಡಿ.

ನಮ್ಮ ಜಿಲ್ಲೆಯದೇ ಇನ್ನೊಂದು ಮಾತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಜಾತ್ರೆಯ ಸಡಗರದ ಜೊತೆಗೆ ಬೆತ್ತಲೆ ಸೇವೆ ಇತ್ತು. ಮೈಮೇಲೆ ಬಟ್ಟೆ ಇಲ್ಲದೆ ಬೆಟ್ಟ ಹತ್ತೋದಕ್ಕೆ 'ಸೇವೆ' ಅಂತ ಹೆಸರು. 1986ರ ಮಾರ್ಚಿಯಲ್ಲಿ ಅದು ಬೇಡ ಅಂತ ಹೇಳೋಕೆ ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನ ಗುಂಪು ಹೊಡೆದು ಬಟ್ಟೆ ಬಿಚ್ಚಿಸಿತು. ಪೊಲೀಸರನ್ನೂ ಬಿಡಲಿಲ್ಲ, ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ನಿಷೇಧ ಹಾಕಿತು. ಜಾತ್ರೆ ಈಗಲೂ ನಡೆಯುತ್ತೆ, ಬಟ್ಟೆ ಹಾಕಿಕೊಂಡೇ. ದೇವಿ ಮುನಿಸಿಕೊಂಡು ಬೆಟ್ಟ ಬಿಟ್ಟು ಹೋಗಿಲ್ಲ.

ಭದ್ರಾವತಿಯಲ್ಲಿ ನಾನು ಬೇರೆ ಒಂದು ಹಬ್ಬ ನೋಡಿದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಜೋರಾಗಿ ನಡೀತಿದ್ದ ಕಾಲ. ಬೋನಸ್ ಕೊಟ್ಟ ದಿನ ನ್ಯೂಟೌನು, ಪೇಪರ್ ಟೌನಿನ ಅಂಗಡಿಗಳಲ್ಲಿ "ಇವತ್ತು ಕಾರ್ಖಾನೆಯವರಿಗೆ ಹಬ್ಬ" ಅನ್ನೋರು. ಆ ವಾಕ್ಯದಲ್ಲಿ ನಮ್ಮವರೂ ಇದ್ದರು. ಗೌಡರ ಬಾಗಿಲಲ್ಲಿ ನಿಂತು ಇಸಕೊಂಡ ಹಬ್ಬದ ಪಾಲಲ್ಲ, ಸಹಿ ಹಾಕಿ ಎಣಿಸಿಕೊಂಡ ದುಡ್ಡು. ನಮ್ಮ ಕಡೆ ಹುಡುಗರು ತಮಟೆ ಕೆಳಗಿಡೋ ಧೈರ್ಯ ಮಾಡಿದ್ದರ ಹಿಂದೆ ಬಿ. ಕೃಷ್ಣಪ್ಪನವರಂಥ ಮೇಷ್ಟ್ರ ಮಾತು ಎಷ್ಟಿತ್ತೋ ಈ ಸಂಬಳವೂ ಅಷ್ಟೇ ಇತ್ತು ಅಂತ ನನ್ನ ಲೆಕ್ಕ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಆ ಹಬ್ಬ ಹೋಯ್ತು.

ಬಾಬಾಸಾಹೇಬರು ಧಮ್ಮದೀಕ್ಷೆಗೆ ಆರಿಸಿಕೊಂಡ ದಿನ ನೋಡಿ, 14 ಅಕ್ಟೋಬರ್ 1956, ವಿಜಯದಶಮಿ. ದೇಶವೆಲ್ಲ ದಸರಾ ಅನ್ನೋ ದಿನ ನಾಗಪುರದಲ್ಲಿ ಲಕ್ಷಾಂತರ ಜನ ಆ ದಿನಕ್ಕೆ ತಮ್ಮದೇ ಅರ್ಥ ಕೊಟ್ಟರು. ಸ್ವಂತ ವಾಕ್ಯ ಅಂದರೆ ನನಗೆ ಅದು.

ಈಗ ಆ ಹುಡುಗನಿಗೆ ಬರ್ತೀನಿ. ತಮ್ಮಾ, ಊರಿಗೆ ಹೋಗು. ಅಪ್ಪನ್ನ ಮೊದಲು ಮೆಗ್ಗಾನ್ ಆಸ್ಪತ್ರೆಗೆ ಕರಕೊಂಡು ಬಾ. ತಮಟೆ ಕೆಟ್ಟದ್ದಲ್ಲ, ನಮ್ಮ ಮೆರವಣಿಗೆಯಲ್ಲೂ ಬಡೀತೀವಿ, ನಿನಗೆ ಬಾರಿಸೋ ಆಸೆ ಇದ್ದರೆ ಬಾ. "ನಿನ್ನಪ್ಪ ಬಡಿದಿದ್ದ, ನೀನೂ ಬಡಿ" ಅಂದರೆ ಮಾತ್ರ ಆಗಲ್ಲ ಅನ್ನು. ಸುಲಭ ಅಂತ ನಾನು ಸುಳ್ಳು ಹೇಳಲ್ಲ. ತಮಟೆ ಕೆಳಗಿಟ್ಟ ಕೇರಿಗಳಿಗೆ ಅಂಗಡಿ ಸಾಮಾನು ನಿಲ್ಲಿಸಿದ್ದು, ಕೂಲಿಗೆ ಕರೆಯದೇ ಇದ್ದದ್ದು ನಮಗೆ ಗೊತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬಿಟ್ಟಿ ಚಾಕರಿ ಮಾಡಿಸೋದು ಅಪರಾಧ. 2015ರ ತಿದ್ದುಪಡಿ ಆದಮೇಲೆ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಹೆದರಿಸೋದೂ ಅಪರಾಧ. ಆದರೂ ಒಬ್ಬನೇ ಹೋಗಿ ಹೇಳಬೇಡ. ನಿನ್ನ ಕೇರಿಯ ಹಿರಿಯರನ್ನ ಮೊದಲು ಮಾತಾಡಿಸು, ನಿಮ್ಮವ್ವನನ್ನ ಕೇಳು. ಹಬ್ಬದ ಮಾರನೇ ದಿನ ಕೂಲಿ ಹುಡುಕಿಕೊಂಡು ಹೋಗಬೇಕಾದವಳು ಅವಳು. ಯಾವ ದಿನ ಅಂತ ಹೇಳು, ನಾವು ನಾಲ್ಕು ಜನ ಭದ್ರಾವತಿಯಿಂದ ಬರ್ತೀವಿ.

ಉಳಿದವರಿಗೆ ಒಂದು ಕೆಲಸ. ಈ ಹಾಳೆಗಳನ್ನ ಒಂದೊಂದು ತಗೊಳ್ಳಿ. 'ಹಬ್ಬ' ಪದವನ್ನ ಸ್ವಂತ ವಾಕ್ಯದಲ್ಲಿ ಬರೆದು ಮುಂದಿನ ಭಾನುವಾರ ಕೊಡಿ. ಗೈಡು ನೋಡಬೇಡಿ. ನನ್ನ ಹತ್ರ ಕೆಂಪು ಶಾಯಿ ಇಲ್ಲ.